ಹದಿನಾಲ್ಕನೇ ಕುರ್ಚಿ

ಇನ್ಸ್‌ಪೆಕ್ಟರ್: ಮೊದಲು ಏಳಿ. ಎದ್ದ ಮೇಲೆ ಮಾತಾಡೋಣ.

ಗಾರ್ಡಣ್ಣ: ಕೂತೇ ಮಾತಾಡೋಣ ಸಾರ್. ಮಾತಿಗೆ ಬೇಕಾಗಿರೋದು ಬಾಯಿ, ಕಾಲಲ್ಲ.

ಇನ್ಸ್‌ಪೆಕ್ಟರ್: ನೀವು ಕೂತಿರೋದು ಪ್ರದರ್ಶನಕ್ಕಿಟ್ಟ ವಸ್ತುವಿನ ಮೇಲೆ.

ಗಾರ್ಡಣ್ಣ: ನಾನು ಕೂತಿರೋದು ನನ್ನ ಕುರ್ಚಿ ಮೇಲೆ. ಇಪ್ಪತ್ತೆರಡು ವರ್ಷದಿಂದ ಇದರ ಮೇಲೇ ಕೂತಿದೀನಿ.

ಇನ್ಸ್‌ಪೆಕ್ಟರ್: ಇಪ್ಪತ್ತೆರಡು ವರ್ಷದಿಂದ. ಸರಿ, ಅದನ್ನೂ ಬರ್ಕೋತೀನಿ. ಅಪರಾಧ ಎಷ್ಟು ಹಳೇದು ಅಂತ ನೀವಾಗೇ ಹೇಳಿಬಿಟ್ರಿ.

ಗಾರ್ಡಣ್ಣ ಮಂಡಿಯ ಚಿಕಿತ್ಸೆಗೆಂದು ಹತ್ತು ದಿನ ರಜೆ ಹಾಕಿದ್ದವನು ಆ ಬೆಳಗ್ಗೆಯಷ್ಟೇ ಮ್ಯೂಸಿಯಮ್ಮಿನ ಒಂಬತ್ತನೇ ಕೋಣೆಗೆ ಮರಳಿದ್ದ. ಹಳೆಯ ಕುರ್ಚಿ, ಮೇಜು, ಮಂಚಗಳ ಕೋಣೆ ಅದು. ಬಾಗಿಲ ಪಕ್ಕದಲ್ಲಿದ್ದ ಅವನ ಕುರ್ಚಿ ಅಲ್ಲಿರಲಿಲ್ಲ. ಹುಡುಕಿದರೆ, ಕೆಂಪು ಹಗ್ಗದ ಆಚೆ, ಶ್ರೀಮಂತರ ಮನೆಗಳಿಂದ ಬಂದ ಹದಿಮೂರು ಕುರ್ಚಿಗಳ ಸಾಲಿನ ಕೊನೆಯಲ್ಲಿ, ದೊಡ್ಡವರ ಮದುವೆಯಲ್ಲಿ ತಪ್ಪಿ ಮೊದಲ ಪಂಕ್ತಿಗೆ ಕೂತವನ ಹಾಗೆ ಮುದುಡಿಕೊಂಡು ನಿಂತಿತ್ತು. ಮುಂದೆ ಒಂದು ಫಲಕವೂ ಇತ್ತು. ಗಾರ್ಡಣ್ಣ ಫಲಕ ಓದುವ ಗೋಜಿಗೆ ಹೋಗಲಿಲ್ಲ. ಹಗ್ಗ ಬಿಚ್ಚಿದ, ಒಳಗೆ ಹೋದ, ಕೂತ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ನಿಂತರೆ ಈ ಮಂಡಿಗೆ ತಾವು ಜವಾಬ್ದಾರರಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಿಲ್ಲಲಾರದ ಗಾರ್ಡನ್ನು ಮ್ಯೂಸಿಯಮ್ಮು ಏನು ಮಾಡುತ್ತದೆಂದು ಅವನಿಗೆ ಗೊತ್ತಿತ್ತು. ಏಳನೇ ಕೋಣೆಯವನನ್ನು ಹೋದ ವರ್ಷ ಒಂದು ಹೂಗುಚ್ಛ ಕೊಟ್ಟು ಅವಧಿಗೆ ಮುಂಚೆಯೇ ಮನೆಗೆ ಕಳಿಸಿದ್ದರು. ಗಾರ್ಡಣ್ಣನ ನಿವೃತ್ತಿಗೆ ಇನ್ನೂ ಎರಡೂವರೆ ವರ್ಷವಿತ್ತು. ಆ ಎರಡೂವರೆ ವರ್ಷವೂ ಈ ಕುರ್ಚಿಯ ನಾಲ್ಕು ಕಾಲಿನ ಮೇಲೆ ನಿಂತಿತ್ತು.

ಎದುರಿಗೆ ನಿಂತಿದ್ದ ಇನ್ಸ್‌ಪೆಕ್ಟರ್ ಪೊಲೀಸಿನವರಲ್ಲ, ಮ್ಯೂಸಿಯಮ್ಮಿನ ನೌಕರರೂ ಅಲ್ಲ. ಅವರು ಸ್ವಯಂಸೇವಕರು.

ಸ್ವಯಂಸೇವಕರ ವಿಚಾರದಲ್ಲಿ ಗಾರ್ಡಣ್ಣನಿಗೆ ಹಿಂದೊಮ್ಮೆ ದೊಡ್ಡ ತಪ್ಪು ತಿಳಿವಳಿಕೆಯಾಗಿತ್ತು. ಅವರು ಮೊದಲು ಬರತೊಡಗಿದಾಗ, ಸಂಬಳವಿಲ್ಲದೆ, ಹೇಳಿದ ಹೊತ್ತಿಗೆ ಸರಿಯಾಗಿ ಬಂದು, ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಕೂತು ಸತ್ತ ಹುಳುಗಳನ್ನು ಎಣಿಸುವ ಈ ಮರ್ಯಾದಸ್ಥರನ್ನು ಕಂಡು ಅವನು, ಇವರೆಲ್ಲ ಕೋರ್ಟಿನಿಂದ ಶಿಕ್ಷೆಯಾಗಿ ಬಂದವರೆಂದೇ ನಂಬಿದ್ದ. ಮೂರು ತಿಂಗಳು ಜೇಬಿನ ಮೇಲೊಂದು ಕೈ ಇಟ್ಟುಕೊಂಡೇ ಓಡಾಡಿದ. ಕಪ್ಪೆಚಿಪ್ಪುಗಳಿಗೆ ಬ್ರಷ್ಷು ಹಾಕುತ್ತಿದ್ದ ನಿವೃತ್ತ ನರ್ಸಮ್ಮನೊಬ್ಬರನ್ನು ಒಂದು ದಿನ ಮರುಕದಿಂದ, ಎಷ್ಟು ವರ್ಷ ಹಾಕಿದ್ದಾರೆ ತಾಯಿ ಎಂದು ಕೇಳಿಯೂ ಬಿಟ್ಟ. ಆಕೆ ನಗುತ್ತ, ಜೀವ ಇರೋವರೆಗೂ ಅಂದ್ಕೊಂಡಿದೀನಿ ಎಂದರು. ಗಾರ್ಡಣ್ಣ ಎರಡು ಹೆಜ್ಜೆ ಹಿಂದೆ ಸರಿದು, ಇಷ್ಟು ಸೌಮ್ಯ ಮುಖದಾಕೆ ಯಾರನ್ನು ಕೊಂದಿರಬಹುದೆಂದು ವಾರವಿಡೀ ಯೋಚಿಸಿದ.

ಆಮೇಲೆ ನಿಜ ತಿಳಿಯಿತು. ತಿಳಿದ ಮೇಲೆ ಭಯ ಇನ್ನೂ ಹೆಚ್ಚಾಯಿತು. ಶಿಕ್ಷೆಗೆ ಬಂದವನು ಹೇಳಿದಷ್ಟು ಮಾಡುತ್ತಾನೆ. ಇಷ್ಟಪಟ್ಟು ಬಂದವನನ್ನು ತಡೆಯುವವರು ಯಾರು?

ಇನ್ಸ್‌ಪೆಕ್ಟರ್ ಮೂವತ್ತೈದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಅದೇ ಹುದ್ದೆಯಲ್ಲಿದ್ದವರು. ಅಂಗಡಿ ಅಂಗಡಿಗೆ ನುಗ್ಗಿ ತಕ್ಕಡಿಗೆ, ಲೀಟರಿನ ಅಳತೆಗೆ ಮುದ್ರೆ ಒತ್ತಿ ಒತ್ತಿ, ಗುರುತು ಹಾಕದ ವಸ್ತುವನ್ನು ಕಂಡರೆ ಕೈ ತುರಿಸುವ ಮಟ್ಟಕ್ಕೆ ಬಂದಿದ್ದರು. ನಿವೃತ್ತರಾದ ಮೊದಲ ತಿಂಗಳಲ್ಲೇ ಮನೆಯ ಪಾತ್ರೆಗಳಿಗೆಲ್ಲ ಕ್ರಮಸಂಖ್ಯೆ ಬಂತು. ಈ ಮನೆಯಲ್ಲಿ ಇನ್ನು ನಂಬರ್ ಬೀಳದೆ ಉಳಿದಿರುವವಳು ತಾನೊಬ್ಬಳೇ ಎಂದು ಅರಿತ ಅವರ ಹೆಂಡತಿ, ತಾನೇ ಅರ್ಜಿ ತುಂಬಿ, ಗಂಡನನ್ನು ಮ್ಯೂಸಿಯಮ್ಮಿಗೆ ಸೇರಿಸಿದ್ದರು.

ಅಂಥವರ ಕೈಗೆ ಒಂಬತ್ತನೇ ಕೋಣೆಯ ಎಣಿಕೆ ಬಂದಿತ್ತು. ರಿಜಿಸ್ಟರಿನ ಪಟ್ಟಿಯಲ್ಲಿ ಕುರ್ಚಿ ಹದಿನಾಲ್ಕು, ಕೊನೆಯದು ಇನ್ನೂರು ವರ್ಷ ಹಳೆಯ ನ್ಯಾಯಾಧೀಶರ ಕುರ್ಚಿ. ಹಗ್ಗದ ಆಚೆ ಹದಿಮೂರು, ಹಗ್ಗದ ಈಚೆ ಬಾಗಿಲ ಬಳಿ ಒಂದು. ಒಟ್ಟು ಹದಿನಾಲ್ಕು. ಹದಿಮೂರರ ಅಡಿಯಲ್ಲೂ ನಂಬರ್ ಇತ್ತು, ಬಾಗಿಲ ಬಳಿಯದರ ಅಡಿಯಲ್ಲಿ ಇರಲಿಲ್ಲ. ಹಾಗಾದರೆ ಅಳಿಸಿಹೋಗಿದೆ. ಇನ್ಸ್‌ಪೆಕ್ಟರ್ ಮಂಡಿಯೂರಿ ಕೂತು, ಮ್ಯೂಸಿಯಮ್ಮಿನ ಪದ್ಧತಿಯಂತೆ ಕುರ್ಚಿಯಡಿ ಕಣ್ಣಿಗೆ ಬೀಳದ ಕಡೆ ಒಂದು ಪದರ ವಾರ್ನಿಷ್ ಬಳಿದು, ಒಣಗಿದ ಮೇಲೆ ತೆಳು ಕುಂಚದಿಂದ 9/14 ಎಂದು ಬರೆದು, ಮೇಲೆ ಮತ್ತೊಂದು ಪದರ ವಾರ್ನಿಷ್ ಕೊಟ್ಟರು. ಕುರ್ಚಿಯನ್ನು ಹಗ್ಗದ ಆಚೆಯ ಸಾಲಿಗೆ ಸೇರಿಸಿದರು. ಅಲ್ಲಿಗೆ ಮುಗಿಯಿತು. ನಂಬರ್ ಬಿದ್ದ ವಸ್ತುವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಒಂದು ಗೇಣು ಸರಿಸುವಂತಿಲ್ಲ. ಕೂರುವುದಂತೂ ದೂರದ ಮಾತು.

ಇನ್ಸ್‌ಪೆಕ್ಟರ್: ಫಲಕ ಓದಿದೀರಾ? ನಾನೇ ಬರೆದದ್ದು.

ಗಾರ್ಡಣ್ಣ: ನೀವೇ ಓದಿ ಸಾರ್. ನಾನು ಎದ್ದರೆ ನೀವು ಮತ್ತೆ ಕೂರೋಕೆ ಬಿಡಲ್ಲ.

ಇನ್ಸ್‌ಪೆಕ್ಟರ್ ಗಂಟಲು ಸರಿಮಾಡಿಕೊಂಡು ಓದಿದರು. ಇದು ಇನ್ನೂರು ವರ್ಷದ ಹಿಂದಿನ ನ್ಯಾಯಾಧೀಶರೊಬ್ಬರ ಕುರ್ಚಿ. ಎಡಗೈ ಇಡುವಲ್ಲಿ ಆಳವಾಗಿ ಸವೆದಿರುವುದು, ತೀರ್ಪು ನೀಡುವ ಮುನ್ನ ಅವರು ದೀರ್ಘ ಚಿಂತನೆಯಲ್ಲಿ ತೊಡಗುತ್ತಿದ್ದುದನ್ನು ತೋರಿಸುತ್ತದೆ. ಬಲಗೈಯ ಮೇಲಿನ ಉಂಗುರದಂಥ ಕಲೆ ಅವರ ಶಾಯಿ ಕುಡಿಕೆಯದು.

ಗಾರ್ಡಣ್ಣ: ಚಿಂತನೆ ಅಲ್ಲ ಸಾರ್, ನಿದ್ದೆ. ಊಟ ಆದ್ಮೇಲೆ ಜನ ಕಡಿಮೆ. ಎಡಗೈ ಊರಿ ಸ್ವಲ್ಪ ಕಣ್ಣು ಮುಚ್ತೀನಿ. ಕಲೆ ಟೀ ಲೋಟದ್ದು.

ಇನ್ಸ್‌ಪೆಕ್ಟರ್: ಹಾಗಂತ ನೀವು ಹೇಳ್ತೀರಿ. ದಾಖಲೆ ಇದೆಯಾ?

ಗಾರ್ಡಣ್ಣ: ಲೋಟ ಇದೆ. ತಂದು ಇಟ್ಟು ತೋರಿಸ್ಲಾ?

ಇನ್ಸ್‌ಪೆಕ್ಟರ್: ಸಂರಕ್ಷಿತ ವಸ್ತುವಿನ ಮೇಲೆ ಟೀ ಲೋಟ ಇಡ್ತೀನಿ ಅಂತ ನನ್ನೆದುರಿಗೇ ಹೇಳ್ತಿದೀರಿ.

ಗಾರ್ಡಣ್ಣ: ಹಿಂದಿನ ಕಾಲಿನ ಕೆಳಗೆ ನೋಡಿ. ಅಲುಗಾಡ್ತಿತ್ತು ಅಂತ ನನ್ನ ಹೆಂಡತಿ ಹಳೇ ಚಪ್ಪಲಿ ರಬ್ಬರ್ ಕತ್ತರಿಸಿ ಕೊಟ್ಟಿದ್ಳು. ಇನ್ನೂರು ವರ್ಷದ ಹಿಂದೆ ನ್ಯಾಯಾಧೀಶ್ರು ಹವಾಯಿ ಚಪ್ಪಲಿ ಹಾಕ್ತಿದ್ರಾ?

ಇನ್ಸ್‌ಪೆಕ್ಟರ್: ಆ ನೀಲಿ ರಬ್ಬರ್ ಬಗ್ಗೆ ಪ್ರತ್ಯೇಕ ಟಿಪ್ಪಣಿ ಬರೆದಿದೀನಿ. ಹೆಚ್ಚಿನ ಸಂಶೋಧನೆ ಆಗಬೇಕು ಅಂತ.

ಹೀಗೆ ಇನ್ನೂ ಕಾಲು ಗಂಟೆ ನಡೆಯಿತು. ಕುರ್ಚಿಯನ್ನು ತಾವು ತೂಗಿರುವುದಾಗಿಯೂ, ಅದು ಒಂಬತ್ತು ಕಿಲೋ ಎಂಟುನೂರು ಗ್ರಾಂ ಇದೆಯೆಂದೂ, ಗಾರ್ಡಣ್ಣ ಕೂತೆದ್ದ ಮೇಲೆ ಒಂದು ಗ್ರಾಂ ಕಡಿಮೆಯಾದರೂ ಗೊತ್ತಾಗುತ್ತದೆಂದೂ ಇನ್ಸ್‌ಪೆಕ್ಟರ್ ಎಚ್ಚರಿಸಿದರು. ಗಾರ್ಡಣ್ಣ, ತನ್ನ ತೂಕವನ್ನೂ ಸೇರಿಸಿ ಬರೆದುಕೊಂಡರೆ ಎತ್ತುವ ತಾಪತ್ರಯವೇ ಇಲ್ಲವಲ್ಲ ಎಂದ. ಕೊನೆಗೆ ಇಬ್ಬರೂ, ರಿಜಿಸ್ಟರ್ ಮೇಡಂ ಹೇಳಿದಂತೆ ಆಗಲಿ ಎಂಬಲ್ಲಿಗೆ ಬಂದರು. ಗಾರ್ಡಣ್ಣ ಎದ್ದ. ಇನ್ಸ್‌ಪೆಕ್ಟರ್ ತಕ್ಷಣ ಹಗ್ಗ ಕಟ್ಟಿದರು.

ರಿಜಿಸ್ಟರ್ ಮೇಡಂ ಎಂದರೆ ಮ್ಯೂಸಿಯಮ್ಮಿನ ಎರಡು ಲಕ್ಷ ವಸ್ತುಗಳ ಹುಟ್ಟು, ವಾಸ, ವರ್ಗಾವಣೆಗಳನ್ನೆಲ್ಲ ದಪ್ಪ ರಿಜಿಸ್ಟರುಗಳಲ್ಲಿ ಕಾಪಾಡಿಕೊಂಡು ಬಂದಿರುವ ಅಧಿಕಾರಿ. ನಿರ್ದೇಶಕರು ಬರುತ್ತಾರೆ, ಹೋಗುತ್ತಾರೆ. ಮೇಡಂ ಮಾತ್ರ ಅದೇ ಕೋಣೆಯಲ್ಲಿ, ಮೇಜಿನ ಆಚೆ, ಬೆನ್ನಿಗೊಂದು ದಿಂಬು ಇಟ್ಟುಕೊಂಡು, ಹೊದ್ದ ಶಾಲನ್ನು ಕುರ್ಚಿಯ ಎರಡೂ ಕೈಗಳ ಮೇಲೆ ಇಳಿಬಿಟ್ಟುಕೊಂಡು ಕೂತಿರುತ್ತಾರೆ. ಎದುರಿಗೆ ಬಂದವರಿಗೆ ಕೂರಲು ಹೇಳುವ ಪದ್ಧತಿ ಅವರಿಗಿಲ್ಲ. ಹೇಳಿದರೂ ಅಲ್ಲಿ ಬೇರೆ ಕುರ್ಚಿಯಿಲ್ಲ.

ಗಾರ್ಡಣ್ಣ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತ ಕತೆ ಹೇಳಿದ. ಮೇಡಂ ಕೇಳಿಸಿಕೊಂಡರು.

ಮೇಡಂ: ನಂಬರ್ ಹಾಕಿ ಆಗಿದೆಯಾ?

ಇನ್ಸ್‌ಪೆಕ್ಟರ್: ಎರಡು ಪದರ ವಾರ್ನಿಷ್ ಸಮೇತ.

ಮೇಡಂ: ಹಾಗಾದ್ರೆ ನನ್ನ ಕೈಲೂ ಏನೂ ಇಲ್ಲ. ಬಿದ್ದ ನಂಬರ್ ತೆಗೆಯೋಕೆ ಸಂಗ್ರಹ ಸಮಿತಿ ಒಪ್ಪಬೇಕು. ಸಮಿತಿ ವರ್ಷಕ್ಕೊಂದು ಸಲ ಸೇರುತ್ತೆ.

ಗಾರ್ಡಣ್ಣ: ಈ ವರ್ಷ ಯಾವಾಗ ಮೇಡಂ?

ಮೇಡಂ: ಈ ವರ್ಷ ಸೇರಿ ಆಯ್ತು. ಹೊಸ ಲಾಂಛನದಲ್ಲಿ ಹಕ್ಕಿ ಎಡಕ್ಕೆ ನೋಡಬೇಕೋ ಬಲಕ್ಕೋ ಅಂತ ಚರ್ಚೆ ಮಾಡಿ ಎದ್ದುಹೋದ್ರು.

ಗಾರ್ಡಣ್ಣ: ಬೇರೆ ಕುರ್ಚಿ ಆದ್ರೂ ಕೊಡಿ. ಪ್ಲಾಸ್ಟಿಕ್ಕಿದ್ದಾದ್ರೂ ಆಗುತ್ತೆ.

ಮೇಡಂ: ಇಂಡೆಂಟ್ ಹಾಕಿ. ಹಳೇ ಕುರ್ಚಿ ಸ್ಟೋರಿಗೆ ವಾಪಸ್ ಕೊಟ್ಟು ರಸೀದಿ ತಂದ್ರೆ ಹೊಸದು ಕೊಡ್ತಾರೆ.

ಗಾರ್ಡಣ್ಣ: ಹಳೇದನ್ನ ಇವರು ಹಗ್ಗದ ಒಳಗೆ ಇಟ್ಟಿದಾರಲ್ಲ ಮೇಡಂ.

ಮೇಡಂ: ಹೌದು. ಅದನ್ನ ಮುಟ್ಟೋ ಹಾಗಿಲ್ಲ.

ಗಾರ್ಡಣ್ಣ: ಅಂದ್ರೆ ನನ್ನ ಹತ್ರ ಕುರ್ಚಿ ಇರೋದ್ರಿಂದ ಹೊಸದು ಕೊಡಲ್ಲ, ಇರೋದು ಮ್ಯೂಸಿಯಮ್ಮಿನದ್ದಾಗಿರೋದ್ರಿಂದ ಕೂರೋಕೆ ಬಿಡಲ್ಲ.

ಮೇಡಂ: ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡ್ರಿ ನೋಡಿ. ಆಫೀಸಿನವರಿಗೇ ಇದನ್ನ ತಿಳಿಸೋಕೆ ನಾನು ಎರಡೆರಡು ಸಲ ಹೇಳಬೇಕಾಗುತ್ತೆ.

ಮಂಡಿ ಒಳಗಿನಿಂದ ಚಳಕು ಹೊಡೆಯಿತು. ಗಾರ್ಡಣ್ಣ ಮೇಜಿನ ಅಂಚು ಹಿಡಿದುಕೊಂಡು, ಕೊನೆಯದಾಗಿ ಒಂದೇ ಒಂದು ಉಪಕಾರ ಕೇಳಿದ. ರಿಜಿಸ್ಟರಿನಲ್ಲಿ ಹದಿನಾಲ್ಕನೇ ಕುರ್ಚಿಯ ಎಣಿಕೆ ಇರುವ ಹಾಗೆ ವಿವರವೂ ಇರಬೇಕಲ್ಲ, ಅದನ್ನೊಮ್ಮೆ ಗಟ್ಟಿಯಾಗಿ ಓದಿಬಿಡಿ ಎಂದ. ಇನ್ಸ್‌ಪೆಕ್ಟರ್ ಇದನ್ನು ಒಪ್ಪಲಿಲ್ಲ. ಎಣಿಕೆ ಮೊದಲ ಹಂತ, ವಿವರ ಓದುವುದು ಎರಡನೇ ಹಂತ, ತಾವು ಮೊದಲ ಹಂತದವರು, ಲೆಕ್ಕ ಸರಿಬಂದ ಮೇಲೆ ಓದುವುದು ಲೆಕ್ಕಕ್ಕೆ ಮಾಡುವ ಅವಮಾನ ಎಂದು ವಾದಿಸಿದರು. ಆದರೆ ಮೇಡಮ್ಮಿಗೆ ಯಾರಾದರೂ ರಿಜಿಸ್ಟರ್ ಓದಿ ಎಂದು ಕೇಳಿ ವರ್ಷಗಳೇ ಆಗಿದ್ದವು. ಅವರು ಖುಷಿಯಿಂದಲೇ ತೆಗೆದರು.

ಮೇಡಂ: ಒಂಬತ್ತು ಬಾರ್ ಹದಿನಾಲ್ಕು. ನ್ಯಾಯಾಧೀಶರ ಕುರ್ಚಿ. ಕಪ್ಪು ಮರ. ಎರಡೂ ಕೈಗಳ ತುದಿಯಲ್ಲಿ ಸಿಂಹದ ಮುಖ.

ಗಾರ್ಡಣ್ಣ: ನನ್ನ ಕುರ್ಚಿಲಿ ಸಿಂಹ ಎಲ್ಲಿದೆ ಸಾರ್?

ಇನ್ಸ್‌ಪೆಕ್ಟರ್ ರಿಜಿಸ್ಟರಿನ ಕಡೆ ಬಗ್ಗಿ ನೋಡಿದರು. ಮೂವತ್ತೈದು ವರ್ಷದಲ್ಲಿ ಅವರು ಒತ್ತಿದ ಮುದ್ರೆಯನ್ನು ಒಮ್ಮೆಯೂ ವಾಪಸ್ ತೆಗೆದುಕೊಂಡವರಲ್ಲ.

ಇನ್ಸ್‌ಪೆಕ್ಟರ್: ಸವೆದುಹೋಗಿದೆ.

ಗಾರ್ಡಣ್ಣ: ಸಿಂಹ?

ಇನ್ಸ್‌ಪೆಕ್ಟರ್: ಇನ್ನೂರು ವರ್ಷ ಅಂದ್ರೆ ಕಡಿಮೆ ಆಯ್ತಾ?

ಗಾರ್ಡಣ್ಣ: ಎರಡೂನಾ?

ಇನ್ಸ್‌ಪೆಕ್ಟರ್: ನ್ಯಾಯಾಧೀಶರಿಗೆ ಎರಡು ಕೈ ಇರಲಿಲ್ವಾ?

ಮೇಡಂ ನಗು ತಡೆದುಕೊಂಡು ಮುಂದಿನ ಸಾಲಿಗೆ ಬೆರಳಿಟ್ಟರು. ಎಡಗಡೆಯ ಸಿಂಹದ ಮೂಗು ಮುರಿದಿದೆ ಎಂದು ಓದಿದರು. ಓದುತ್ತಿದ್ದ ಹಾಗೆ ದನಿ ಇಳಿಯಿತು. ಮುಂದಿನ ಪುಟ ತಿರುಗಿಸಲು ಅವರು ಕೈ ಎತ್ತಿದಾಗ ಎಡಗಡೆಯ ಶಾಲು ಜಾರಿತು. ಕೈ ತನ್ನ ಅಭ್ಯಾಸದಂತೆ ಕೆಳಗಿಳಿದು, ಹಿಡಿಗೆ ಸರಿಯಾಗಿ ಒದಗುವ ಒಂದು ದುಂಡನೆಯ ತಲೆಯ ಮೇಲೆ ಕೂತು ಅದನ್ನು ಸವರತೊಡಗಿತು.

ಇಪ್ಪತ್ತೆರಡು ವರ್ಷ ಗಾರ್ಡಣ್ಣ ಜನರ ಮುಖ ನೋಡಿದವನಲ್ಲ. ಅವನ ಕೆಲಸ ಕೈ ನೋಡುವುದು. ಬುದ್ಧಿ ಎಚ್ಚರಗೊಳ್ಳುವ ಮೊದಲೇ ಬಾಯಿ ತನ್ನ ಕೆಲಸ ಮಾಡಿ ಮುಗಿಸಿತು.

ಗಾರ್ಡಣ್ಣ: ಮೇಡಂ, ದಯವಿಟ್ಟು ವಸ್ತುಗಳನ್ನು ಮುಟ್ಟಬೇಡಿ.

ಮೇಡಂ ಕೈ ಹಿಂದಕ್ಕೆ ತೆಗೆದುಕೊಂಡರು. ಮೂಗಿಲ್ಲದ ಸಿಂಹ ಮೂವರನ್ನೂ ಸರದಿಯಂತೆ ನೋಡುತ್ತ ಉಳಿಯಿತು.

ಮೊದಲು ಚೇತರಿಸಿಕೊಂಡವರು ಇನ್ಸ್‌ಪೆಕ್ಟರ್. ಅಡಿಯಲ್ಲಿ ನಂಬರ್ ಇದೆಯೇ ನೋಡಬೇಕೆಂದು ಜೇಬಿನಿಂದ ಟಾರ್ಚು ತೆಗೆದು ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

ಮೇಡಂ: ಇದೆಯಾ?

ಇನ್ಸ್‌ಪೆಕ್ಟರ್ (ಮೇಜಿನ ಕೆಳಗಿನಿಂದ): ಇದೆ. ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ.

ಮೇಡಂ ನಿಧಾನವಾಗಿ ತಮ್ಮ ಪಾಲಿನ ಕತೆ ಹೇಳಿದರು. ಎಂಟು ವರ್ಷದ ಹಿಂದೆ ಒಂಬತ್ತನೇ ಕೋಣೆಗೆ ಸುಣ್ಣ ಬಳಿಯುವಾಗ ಕುರ್ಚಿಯನ್ನು ತಾತ್ಕಾಲಿಕವಾಗಿ ಇಲ್ಲಿಗೆ ತಂದಿಟ್ಟಿದ್ದರಂತೆ. ಅದು ರಿಪೇರಿಗೆ ಹೋಗಿದೆಯೆಂದುಕೊಂಡಿದ್ದ ಗಾರ್ಡಣ್ಣ ಆಮೇಲೆ ಅದನ್ನು ಮರೆತೇಬಿಟ್ಟಿದ್ದ. ಆ ವಾರವೇ ಮೇಡಮ್ಮಿನ ಬೆನ್ನು ಹಿಡಿದುಕೊಂಡಿತಂತೆ. ಬೇರೆ ಯಾವ ಕುರ್ಚಿಯಲ್ಲಿ ಕೂತರೂ ಹೋಗದ ನೋವು ಇದರಲ್ಲಿ ಕೂತರೆ ಹೋಗುತ್ತಿತ್ತಂತೆ. ಸಂಜೆಗೆ ವಾಪಸ್ ಕಳಿಸಬೇಕೆಂದು ಮೊದಮೊದಲು ದಿನವೂ ಅಂದುಕೊಂಡರಂತೆ, ಬರಬರುತ್ತ ಅದು ಒಂಬತ್ತನೇ ಕೋಣೆಯದೆಂಬುದೇ ಮರೆತುಹೋಯಿತಂತೆ. ಕುರ್ಚಿಯ ಸ್ಥಳ ಬದಲಾವಣೆ ಎಂಬ ಅಂಕಣದಲ್ಲಿ ಬರೆಯಬೇಕಾದವರು ತಾವೇ ಆದ್ದರಿಂದ ಕೇಳುವವರೂ ಇರಲಿಲ್ಲ.

ಗಾರ್ಡಣ್ಣನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮರುಕ. ನೋಯುವ ಮೈಯೊಂದು ತನಗೆ ಒಗ್ಗಿದ ಕುರ್ಚಿಯನ್ನು ಬಿಡಲಾರದೆ ಕೂತಿರುವುದು ಈ ಕಟ್ಟಡದಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇನ್ಸ್‌ಪೆಕ್ಟರ್: ಇದನ್ನ ವರದಿ ಮಾಡಲೇಬೇಕು. ನನ್ನ ಆತ್ಮಸಾಕ್ಷಿ ಅಂತ ಒಂದಿದೆ.

ಮೇಡಂ: ಮಾಡಿ. ನಾನೂ ಒಂದು ವರದಿ ಬರೀತೀನಿ. ಸ್ವಯಂಸೇವಕರೊಬ್ಬರು ಗಾರ್ಡಿನ ಕುರ್ಚಿಗೆ ನ್ಯಾಯಾಧೀಶರ ನಂಬರ್ ಬರೆದ್ರು, ಟೀ ಲೋಟದ ಕಲೆ ಮೇಲೆ ಪ್ರಬಂಧ ಬರೆದ್ರು, ಚಪ್ಪಲಿ ರಬ್ಬರಿಗೆ ಸಂಶೋಧನೆ ಬೇಕು ಅಂದ್ರು ಅಂತ. ಮುಂದಿನ ವಾರ ನಿಮಗೆ ಹಿರಿಯ ಸ್ವಯಂಸೇವಕರ ಬ್ಯಾಡ್ಜು ಕೊಡೋ ಸಮಾರಂಭ ಅಲ್ವಾ?

ಇನ್ಸ್‌ಪೆಕ್ಟರ್ ಮೇಜಿನ ಕೆಳಗಿನಿಂದ ಎದ್ದು ಬಂದರು. ಆತ್ಮಸಾಕ್ಷಿ ಅಲ್ಲೇ ಉಳಿದಂತೆ ಕಂಡಿತು. ಸಮಾರಂಭಕ್ಕೆ ಅವರು ಬೀಗರನ್ನೂ ಕರೆದಾಗಿತ್ತು.

ಇಬ್ಬರೂ ಈಗ ಗಾರ್ಡಣ್ಣನ ಕಡೆ ತಿರುಗಿದರು. ಇಪ್ಪತ್ತೆರಡು ವರ್ಷದಲ್ಲಿ ಈ ಕಟ್ಟಡದೊಳಗೆ ಅವನನ್ನು ಯಾರೂ ಇಷ್ಟು ಗಮನವಿಟ್ಟು ನೋಡಿರಲಿಲ್ಲ. ಅವನೊಂದು ಮಾತಾಡಿದರೆ ಮೇಡಮ್ಮಿನ ರಿಜಿಸ್ಟರು, ಇನ್ಸ್‌ಪೆಕ್ಟರರ ಬ್ಯಾಡ್ಜು, ಎರಡೂ ಹೋಗುತ್ತವೆ.

ಮೇಡಂ: ನೀವು ಏನು ಹೇಳ್ತೀರಿ ಗಾರ್ಡಣ್ಣ?

ಗಾರ್ಡಣ್ಣ: ನನಗೆ ಸತ್ಯ ಬೇಡ ಮೇಡಂ. ಕುರ್ಚಿ ಸಾಕು.

ಆಮೇಲಿನ ಮುಕ್ಕಾಲು ಗಂಟೆ ಮ್ಯೂಸಿಯಮ್ಮಿನ ಇತಿಹಾಸದಲ್ಲೇ ಅತಿ ಚುರುಕಾಗಿ ಆಡಳಿತ ನಡೆದ ಹೊತ್ತು. ನಂಬರ್ ತೆಗೆಯುವಂತಿಲ್ಲ. ಕುರ್ಚಿ ಸರಿಸುವಂತಿಲ್ಲ. ಹಾಗಾದರೆ ಗಾರ್ಡನ್ನೇ ಸರಿಸಬೇಕು ಎಂದು ಮೇಡಂ ಕಂಡುಕೊಂಡರು. ಒಂದು ಆದೇಶದ ಕರಡು ಸಿದ್ಧವಾಯಿತು. ಗಾರ್ಡ್ ಕುರ್ಚಿಯ ಮೇಲೆ ಕೂರಬಹುದು ಎಂದು ಮೇಡಂ ಬರೆದರೆ, ಇನ್ಸ್‌ಪೆಕ್ಟರ್ ಅದನ್ನು ಹೊಡೆದುಹಾಕಿದರು. ಕೂರಬಹುದು ಎಂದರೆ ಅನುಕೂಲ ಮಾಡಿಕೊಟ್ಟಂತಾಗುತ್ತದೆ, ಕೂರತಕ್ಕದ್ದು ಎಂದರೆ ಶಿಸ್ತು ಎಂದರು. ಗಾರ್ಡಣ್ಣ ನಡುವೆ ಬಾಯಿ ಹಾಕಿ, ಟೀ ವಿಷಯವನ್ನೂ ಸೇರಿಸಿ ಎಂದ. ಅಂತಿಮವಾಗಿ ಠಸ್ಸೆ ಬಿದ್ದ ಹಾಳೆಯಲ್ಲಿ ಇದ್ದದ್ದು ಇಷ್ಟು:

“ಅಮೂಲ್ಯ ವಸ್ತು 9/14ಕ್ಕೆ ಸಾರ್ವಜನಿಕರಿಂದ ಉಂಟಾಗಬಹುದಾದ ಅಪಾಯವನ್ನು ಪರಿಗಣಿಸಿ, ಸದರಿ ವಸ್ತುವಿನ ನಿರಂತರ ಹಾಗೂ ನಿಕಟ ರಕ್ಷಣೆಯ ಸಲುವಾಗಿ ಒಂಬತ್ತನೇ ಕೋಣೆಯ ಗಾರ್ಡ್ ಕಚೇರಿ ವೇಳೆಯಲ್ಲಿ ಅದರ ಮೇಲೆಯೇ ಆಸೀನನಾಗಿರತಕ್ಕದ್ದು. ವಸ್ತುವಿನ ಮೇಲಿನ ಐತಿಹಾಸಿಕ ಕಲೆ ಮಾಸದಂತೆ ದಿನಕ್ಕೆರಡು ಬಾರಿ ನೋಡಿಕೊಳ್ಳತಕ್ಕದ್ದು.”

ಗಾರ್ಡಣ್ಣ ಹಾಳೆಯನ್ನು ಮಡಚಿ ಜೇಬಿಗಿಟ್ಟು, ಕುಂಟುತ್ತ ಹೋಗಿ, ಹಗ್ಗವನ್ನು ತಾನೇ ಬಿಚ್ಚಿ ಒಳಗೆ ಕೂತ. ಹಗ್ಗವನ್ನು ಹಿಂದಿನಿಂದ ಇನ್ಸ್‌ಪೆಕ್ಟರ್ ಕಟ್ಟಿದರು. ನೋವು ಮಂಡಿಯಿಂದ ಇಳಿದು ಪಾದಕ್ಕೆ ಬಂದು, ಪಾದದಿಂದ ಎಲ್ಲಿಗೋ ಹೋಯಿತು.

ಸಮಾರಂಭದ ದಿನ ಮ್ಯೂಸಿಯಮ್ಮಿನ ಪೋಷಕರ ಸಂಘದವರು ಇಪ್ಪತ್ತು ಜನ ಬಂದರು. ಎದೆಯ ಮೇಲೆ ಹೊಸ ಬ್ಯಾಡ್ಜು ಧರಿಸಿದ ಇನ್ಸ್‌ಪೆಕ್ಟರರೇ ಕೋಣೆ ತೋರಿಸಿದರು. ಹದಿಮೂರು ಕುರ್ಚಿಗಳನ್ನು ಹದಿಮೂರು ನಿಮಿಷದಲ್ಲಿ ಮುಗಿಸಿ, ಹದಿನಾಲ್ಕನೆಯದರ ಮುಂದೆ ನಿಂತು ಅರ್ಧ ಗಂಟೆ ಮಾತಾಡಿದರು. ಸವೆದ ಕೈಯ ವಿಚಾರಕ್ಕೆ ಬಂದಾಗ ದನಿ ಗದ್ಗದವಾಯಿತು. ನ್ಯಾಯದ ಭಾರ ಹೊತ್ತ ಮೊಣಕೈ ಅದು ಎಂದರು. ಒಂದು ವಾರದ ಕೆಳಗೆ ತಾವೇ ಕಟ್ಟಿದ ಕತೆಯನ್ನು ಅವರೀಗ ಮನಸಾರೆ ನಂಬಿದ್ದರು. ಅಷ್ಟೂ ಹೊತ್ತು ಗಾರ್ಡಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತು, ಆದೇಶದ ಪ್ರಕಾರ ರಕ್ಷಣೆ ಕೊಡುತ್ತಿದ್ದ.

ಪೋಷಕರ ಸಂಘದ ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಗ್ಗಕ್ಕೆ ಆತುಕೊಂಡು ಗಾರ್ಡಣ್ಣನ ಕಡೆ ಬಾಗಿದರು.

ಅಧ್ಯಕ್ಷೆ: ಎಂತೆಂಥ ತೀರ್ಪುಗಳು ಹೊರಬಿದ್ದ ಕುರ್ಚಿ ಇದು. ದಿನಾ ಇದರ ಮೇಲೆ ಕೂತಾಗ ನಿಮ್ಮೊಳಗೆ ಏನೋ ಒಂದು ಆಗ್ತಿರಬೇಕಲ್ವಾ? ಏನನ್ನಿಸುತ್ತೆ?

ಇನ್ಸ್‌ಪೆಕ್ಟರ್ ಅಧ್ಯಕ್ಷೆಯ ಬೆನ್ನ ಹಿಂದಿನಿಂದ, ಇತಿಹಾಸದ ಬಗ್ಗೆ ಏನಾದರೂ ಹೇಳುವಂತೆ ಹುಬ್ಬಿನಲ್ಲೇ ಸನ್ನೆ ಮಾಡಿದರು. ಇಪ್ಪತ್ತು ಜನ ಹಗ್ಗದ ಹತ್ತಿರಕ್ಕೆ ಸರಿದರು.

ಗಾರ್ಡಣ್ಣ: ನಿಂತಿರೋದಕ್ಕಿಂತ ವಾಸಿ ಅನ್ನಿಸುತ್ತೆ ತಾಯಿ.